ಹಡಗು, ರೈಲಿನ ಫೋಟೋ ತೆಗೆಯುವವರನ್ನು ಓಡಿಸಬೇಡಿ, ನಿಲ್ಲಲು ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ,

ರೈಲು ಹಳಿ ಮೇಲೆ ನಿಂತು ರೀಲ್ಸ್ ಮಾಡುವವರ ಬಗ್ಗೆ ಮೊನ್ನೆ ಇದೇ ಕಾಲಂನಲ್ಲಿ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದರು. ಅಂಥವರ ಮೇಲೆ ಕೇಸು ಹಾಕಲೇಬೇಕು, ಅದಕ್ಕೆ ನನ್ನ ತಕರಾರು ಇಲ್ಲ. ಆದರೆ ಪತ್ರದ ಕೊನೆಗೆ ಅವರು, ಸ್ಟೇಷನ್ ಮತ್ತು ಬಂದರಿನ ಆಸುಪಾಸು ಕ್ಯಾಮೆರಾ ಹಿಡಿದು ನಿಲ್ಲುವ ಎಲ್ಲರನ್ನೂ ಓಡಿಸಿ ಅಂದಿದ್ದಾರೆ. ಹಾಗೆ ನಿಲ್ಲುವವರಲ್ಲಿ ನಾನೂ ಒಬ್ಬಳು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ನನ್ನ ಮನೆ ಸುರತ್ಕಲ್‌ನಲ್ಲಿ. ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮೂರಿಗೆ ಒಂದು ಕಡೆ ಕೊಂಕಣ ರೈಲ್ವೆ, ಇನ್ನೊಂದು ಕಡೆ ಕಡಲು. ಪಣಂಬೂರು ಬಂದರಿನ ಒಳಗೆ ಹೋಗಲು ಸರದಿ ಕಾಯುವ ಹಡಗುಗಳು ದೂರದಲ್ಲಿ ಲಂಗರು ಹಾಕಿ ರಾತ್ರಿಯೆಲ್ಲ ದೀಪ ಹಚ್ಚಿಕೊಂಡು ನಿಂತಿರುತ್ತವೆ. ಸ್ಟೇಷನ್ ಕಡೆ ಹೋದರೆ ಲೋಡ್ ಆದ ಲಾರಿಗಳನ್ನು ಸಾಲಾಗಿ ರೈಲಿನ ಮೇಲೆ ಹತ್ತಿಸುತ್ತಿರುತ್ತಾರೆ. ಅದು ಕೊಂಕಣ ರೈಲ್ವೆಯವರ ರೋ-ರೋ. 1999ರಲ್ಲಿ ಶುರು ಮಾಡಿದ ಸೇವೆ. ಇಲ್ಲಿ ಹತ್ತಿದ ಲಾರಿ ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಇಳಿಯುತ್ತದೆ. ಡ್ರೈವರ್, ಕ್ಲೀನರ್ ತಮ್ಮ ಲಾರಿಯಲ್ಲೇ ಕೂತು, ಅಲ್ಲೇ ಮಲಗಿ ಹೋಗುತ್ತಾರೆ. ಐವತ್ತು ಲಾರಿ ಒಟ್ಟಿಗೆ ಘಟ್ಟ, ಸುರಂಗ, ಹೊಳೆ ದಾಟಿಕೊಂಡು ಹೋಗುವುದನ್ನು ನೋಡುವುದೇ ಒಂದು ಸಂಭ್ರಮ. ಇಂಥ ಊರಿನಲ್ಲಿ ಹುಟ್ಟಿ ಬೆಳೆದವಳಿಗೆ ಇದರ ಫೋಟೋ ತೆಗೆಯಬೇಕು ಅನ್ನಿಸಿದರೆ ಅದರಲ್ಲಿ ಸಂಶಯಪಡುವಂಥದ್ದು ಏನಿದೆ?

ಈ ಹವ್ಯಾಸ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಫೋಟೋ ತೆಗೆಯುವುದು ಇದರಲ್ಲಿ ಅರ್ಧ ಮಾತ್ರ. ಉಳಿದ ಅರ್ಧ ಬರೆದಿಡುವುದು. ಪ್ರತಿ ರೈಲ್ವೆ ಇಂಜಿನ್‌ಗೂ ಮೈಮೇಲೆ ಐದಂಕಿಯ ನಂಬರ್ ಇರುತ್ತದೆ, ಅದನ್ನು ನೋಡಿಕೊಳ್ಳುವುದು ಯಾವ ಊರಿನ ಶೆಡ್ ಎಂಬುದೂ ಇರುತ್ತದೆ. 302ರಿಂದ ಶುರುವಾಗುವ ನಂಬರ್ ಕಂಡರೆ ಅದು ಡಬ್ಲ್ಯೂಎಪಿ-7, ಜಾಸ್ತಿ ಬೋಗಿ ಎಳೆಯುವ ಎಲೆಕ್ಟ್ರಿಕ್ ಇಂಜಿನ್. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಕೆಜೆಎಂ ಅಂತಿದ್ದರೆ ಬೆಂಗಳೂರಿನ ಕೃಷ್ಣರಾಜಪುರದ ಶೆಡ್, ಯುಬಿಎಲ್ ಅಂತಿದ್ದರೆ ನಮ್ಮ ಹುಬ್ಬಳ್ಳಿ. ಹಡಗಿಗೂ ಹೀಗೇ. ಹಡಗಿನ ಹೆಸರು ಬದಲಾಗುತ್ತದೆ, ಮಾಲೀಕರು ಬದಲಾಗುತ್ತಾರೆ, ಇವತ್ತು ಪನಾಮಾ ಬಾವುಟ ಇದ್ದರೆ ನಾಳೆ ಲೈಬೀರಿಯಾದ್ದು ಇರಬಹುದು. ಆದರೆ ಹಡಗಿನ ಗುರುತಿಗೆ ಕೊಡುವ ಏಳಂಕಿಯ ಐಎಂಒ ನಂಬರ್ ಮಾತ್ರ ಹಡಗು ಕಟ್ಟಿದ ದಿನದಿಂದ ಗುಜರಾತಿನ ಅಲಂಗ್‌ನಂಥ ಕಡೆ ಅದನ್ನು ಒಡೆದು ಗುಜರಿ ಮಾಡುವ ತನಕ ಒಂದೇ. ನಂಬರ್, ತಾರೀಖು, ಜಾಗ ಬರೆದಿಟ್ಟ ಫೋಟೋ ಇದ್ದರೆ ಇಪ್ಪತ್ತು ವರ್ಷ ಬಿಟ್ಟು ಇನ್ಯಾರೋ ಅದೇ ಹಡಗನ್ನು ಬೇರೆ ದೇಶದಲ್ಲಿ, ಬೇರೆ ಹೆಸರಿನಲ್ಲಿ ಗುರುತು ಹಿಡಿಯಬಹುದು.

ಹಡಗು ಖಾಲಿ ಬಂತೋ ತುಂಬಿ ಬಂತೋ ಎನ್ನುವುದನ್ನೂ ಫೋಟೋ ಹೇಳುತ್ತದೆ. ಖಾಲಿ ಹಡಗು ನೀರಿನ ಮೇಲೆ ಎತ್ತರಕ್ಕೆ ತೇಲುತ್ತದೆ, ತಳಕ್ಕೆ ಬಳಿದ ಕೆಂಪು ಬಣ್ಣ ದೂರದಿಂದಲೇ ಕಾಣುತ್ತದೆ. ತುಂಬಿದ್ದರೆ ಆ ಕೆಂಪೆಲ್ಲ ನೀರಿನ ಒಳಗೆ. ಮಕ್ಕಳಿಗೆ ಇದನ್ನು ತೋರಿಸಿ ತೇಲುವಿಕೆಯ ಪಾಠ ಮಾಡಿದ್ದೇನೆ. ಪುಸ್ತಕದ ಚಿತ್ರ ತೋರಿಸಿ ಹೇಳುವುದಕ್ಕಿಂತ ಅದು ಎಷ್ಟೋ ಚೆನ್ನಾಗಿ ತಲೆಗೆ ಹೋಗುತ್ತದೆ.

ಇಷ್ಟೆಲ್ಲ ಯಾಕೆ ಬೇಕು ಅಂತ ಕೇಳುವವರಿಗೆ ಹಾಸನ–ಮಂಗಳೂರು ಮಾರ್ಗದ ವಿಷಯ ಹೇಳಬೇಕು. ಘಟ್ಟದ ಈ ಹಳಿ 1979ರಲ್ಲಿ ಅಗಲ ಕಡಿಮೆಯ ಮೀಟರ್‌ಗೇಜ್ ಆಗಿ ಶುರುವಾಯಿತು. ಬ್ರಾಡ್‌ಗೇಜ್ ಮಾಡಲು 1996ರಲ್ಲಿ ಮುಚ್ಚಿದರು. ಮತ್ತೆ ಗೂಡ್ಸ್ ಗಾಡಿ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರ್‌ನಲ್ಲಿ. ಅಂದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಆ 55 ಕಿಲೋಮೀಟರ್ ಘಟ್ಟದಲ್ಲಿ ಪುಟ್ಟ ಮೀಟರ್‌ಗೇಜ್ ರೈಲು ಓಡಿದ್ದು ಬರೀ 17 ವರ್ಷ. 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ, 50 ಮೀಟರ್ ಹೋದರೆ ಒಂದು ಮೀಟರ್ ಏರುವಂಥ ದಾರಿ. ಎಡಕುಮೇರಿ, ಶಿರಿಬಾಗಿಲು, ದೋಣಿಗಲ್ ಅಂತ ಕಾಡಿನ ನಡುವೆ ಸ್ಟೇಷನ್‌ಗಳು. ಆ 17 ವರ್ಷದಲ್ಲಿ ಎಷ್ಟು ಜನ ಅದರಲ್ಲಿ ಮದುವೆಗೆ, ಕೆಲಸಕ್ಕೆ, ಸುಬ್ರಹ್ಮಣ್ಯಕ್ಕೆ ಹೋಗಿ ಬಂದಿದ್ದಾರೆ! ಆದರೆ ಆ ರೈಲು ಘಟ್ಟದಲ್ಲಿ ಓಡುತ್ತಿರುವ ಒಳ್ಳೆ ಫೋಟೋ ಹುಡುಕಿ ನೋಡಿ. ನನಗೆ ಸಿಕ್ಕಿದ್ದು ಕೈಬೆರಳಲ್ಲಿ ಎಣಿಸುವಷ್ಟು. ಇದ್ದಷ್ಟು ದಿನ ಅದು ದಿನಾ ಕಾಣುವ ರೈಲು, ಫೋಟೋ ತೆಗೆಯುವಂಥದ್ದು ಏನಿದೆ ಅಂತ ಎಲ್ಲರೂ ಬಿಟ್ಟರು.

ಮೈಸೂರಿನ ರೈಲ್ವೆ ಮ್ಯೂಸಿಯಂ ಕೂಡ 1979ರಲ್ಲೇ ಶುರುವಾದದ್ದು. ಅಲ್ಲಿ ಹಳೇ ಇಂಜಿನ್‌ಗಳಿವೆ, ಮಹಾರಾಣಿಯವರ ಸಲೂನ್ ಬೋಗಿ ಇದೆ, ಎಲ್ಲರೂ ನೋಡಬೇಕು. ಹುಬ್ಬಳ್ಳಿಯಲ್ಲೂ ಈಗ ಮ್ಯೂಸಿಯಂ ಇದೆ. ಆದರೆ ಮ್ಯೂಸಿಯಂನಲ್ಲಿ ಇಂಜಿನ್ ಬಣ್ಣ ಹೊಡೆಸಿಕೊಂಡು ನಿಂತಿರುತ್ತದೆ. ಅದು ಬೋಗಿ ಎಳೆಯುತ್ತಿದ್ದದ್ದು, ಇಳಿದವರ ತಲೆ ಮೇಲಿನ ಗಂಟು, ಕಿಟಕಿ ಹತ್ತಿರ ಕಾಫಿ ಹಿಡಿದು ಓಡುತ್ತಿದ್ದ ಹುಡುಗ, ಸಿಗ್ನಲ್ ಕೈ, ಇದೆಲ್ಲ ಯಾರಾದರೂ ಆಗಲೇ ಫೋಟೋ ತೆಗೆದಿಟ್ಟಿದ್ದರೆ ಮಾತ್ರ ಉಳಿಯುತ್ತದೆ.

ನಮ್ಮ ಕಣ್ಣ ಮುಂದೆಯೇ ಇದು ಮತ್ತೆ ನಡೆದಿದೆ. ಕೊಂಕಣ ರೈಲ್ವೆ 1998ರ ಜನವರಿ 26ರಿಂದ ಪೂರ್ತಿ ಓಡಲು ಶುರುವಾಯಿತು. ಮತ್ಸ್ಯಗಂಧದಲ್ಲಿ ಮುಂಬಯಿಗೆ ಹೋದವರು ಕರಾವಳಿಯ ಮನೆಮನೆಯಲ್ಲಿ ಇದ್ದಾರೆ. ಆ ರೈಲನ್ನು ವರ್ಷಗಟ್ಟಲೆ ಎಳೆದದ್ದು ಡೀಸೆಲ್ ಇಂಜಿನ್. ರಾತ್ರಿ ಮಲಗಿದಲ್ಲಿಂದಲೇ ಸದ್ದು ಕೇಳಿ, ಇದು ಹಳೇ ಆಲ್ಕೋ ಮಾದರಿಯ ಇಂಜಿನ್, ಇದು ಹೊಸದು ಅಂತ ಹೇಳಬಹುದಿತ್ತು. 2022ರಲ್ಲಿ ಇಡೀ ಮಾರ್ಗಕ್ಕೆ ಕರೆಂಟ್ ಬಂತು. ಒಳ್ಳೇದೇ ಆಯಿತು, ಹೊಗೆ ಕಡಿಮೆ, ಖರ್ಚು ಕಡಿಮೆ. ಡೀಸೆಲ್ ಇರಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಹೊನ್ನಾವರದ ಶರಾವತಿ ಸೇತುವೆ ಮೇಲೆ, ತಂತಿ ಕಂಬ ಯಾವುದೂ ಇಲ್ಲದೆ, ಎರಡು ಕಿಲೋಮೀಟರ್ ಉದ್ದಕ್ಕೂ ರೈಲು ನೀರಿನ ಮೇಲೆ ಹೋಗುವ ನೋಟ ಇನ್ನು ಮೇಲೆ ಹಳೇ ಫೋಟೋದಲ್ಲಿ ಮಾತ್ರ ಸಿಗುತ್ತದೆ. ಅದನ್ನು ತೆಗೆದಿಟ್ಟವರು ಯಾರು? ಇಲಾಖೆಯವರಲ್ಲ, ನಮ್ಮಂಥ ಹವ್ಯಾಸಿಗಳೇ.

ಬಂದರಿನ ಕತೆ ಇನ್ನೂ ಬೇಸರದ್ದು. ಪಣಂಬೂರಿನ ಈ ನವಮಂಗಳೂರು ಬಂದರು 1974ರಲ್ಲಿ ದೇಶದ ದೊಡ್ಡ ಬಂದರುಗಳ ಪಟ್ಟಿಗೆ ಸೇರಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದರು. ಕಡಲ ನೀರು ಒಳಗೆ ಬರುವಂತೆ ನೆಲ ಕೊರೆದು, ಎರಡು ಬದಿಗೆ ಕಲ್ಲಿನ ತಡೆಗೋಡೆ ಹಾಕಿ ಕಟ್ಟಿದ ಬಂದರು ಇದು. ಕುದುರೆಮುಖದ ಅದಿರು ನೀರಿನ ಜೊತೆ ಸೇರಿ ಪೈಪಿನಲ್ಲಿ ಘಟ್ಟ ಇಳಿದು ಇಲ್ಲಿಗೇ ಬಂದು, ಇಲ್ಲಿಂದ ಹಡಗು ಹತ್ತುತ್ತಿತ್ತು. 2005ರ ಕೊನೆಗೆ ಗಣಿ ನಿಂತಿತು. ಆ ಅದಿರಿಗಾಗಿ ಬರುತ್ತಿದ್ದ ಹಡಗುಗಳ ಫೋಟೋ ಸಾಮಾನ್ಯ ಜನರ ಹತ್ತಿರ ಎಷ್ಟಿದೆ? ಹಾಗೆಯೇ ಮಂಗಳೂರಿನ ಹಳೇ ಬಂದರ್‌ನ ಮಂಜಿಗಳು, ಅಂದರೆ ಸರಕು ಸಾಗಿಸುವ ದೊಡ್ಡ ದೋಣಿಗಳು. ಮರದ ಮಂಜಿಗೆ ಸಿಮೆಂಟು, ಜಲ್ಲಿ, ತರಕಾರಿ ತುಂಬಿ ಲಕ್ಷದ್ವೀಪಕ್ಕೆ ಕಳಿಸುವುದನ್ನು ಇವತ್ತೂ ಹೋಗಿ ನೋಡಬಹುದು. ಮಳೆಗಾಲದಲ್ಲಿ ಅವು ಕಡಲಿಗೆ ಇಳಿಯುವುದಿಲ್ಲ. ಇನ್ನೆಷ್ಟು ವರ್ಷ ಇರುತ್ತವೋ! ಕ್ಯಾಮೆರಾ ಇರುವವರು ದಯವಿಟ್ಟು ಈ ವರ್ಷವೇ ಒಮ್ಮೆ ಆ ಕಡೆ ಹೋಗಿ ಬನ್ನಿ. ಲೋಡ್ ಮಾಡುವವರ ಹತ್ತಿರ ಒಂದು ಮಾತು ಕೇಳಿ ತೆಗೆಯಿರಿ, ಅವರು ಬೇಡ ಅನ್ನುವುದಿಲ್ಲ.

ನಮ್ಮೂರಿನಲ್ಲಿ ಹಡಗು ಸುದ್ದಿಯಾಗುವುದು ಅದು ಮುಳುಗಿದಾಗ. 2007ರ ಮಳೆಗಾಲದಲ್ಲಿ ಡೆನ್‌ಡೆನ್ ಮುಳುಗಿತು, 2022ರ ಜೂನ್‌ನಲ್ಲಿ ಉಳ್ಳಾಲದ ಹತ್ತಿರ ಪ್ರಿನ್ಸೆಸ್ ಮಿರಾಲ್ ಸಿಕ್ಕಿಹಾಕಿಕೊಂಡಿತು. ಆಗ ಪೇಪರ್ ತುಂಬ ಫೋಟೋ. ರೈಲೂ ಅಷ್ಟೇ. 2024ರ ಜುಲೈನಲ್ಲಿ ಎಡಕುಮೇರಿ ಹತ್ತಿರ ಗುಡ್ಡ ಕುಸಿದು ರೈಲು ನಿಂತಾಗ ಆ ಜಾಗದ ಚಿತ್ರ ಎಲ್ಲರ ಮೊಬೈಲಿನಲ್ಲೂ ಇತ್ತು. ಉಳಿದ ದಿನಗಳಲ್ಲಿ, ಅಂದರೆ ಎಲ್ಲವೂ ಸರಿಯಾಗಿ ನಡೆಯುವ ದಿನಗಳಲ್ಲಿ, ಆ ಹಡಗಿನವರು, ಹಡಗನ್ನು ಎಳೆದು ತರುವ ಟಗ್ ದೋಣಿಯವರು, ಗ್ಯಾಂಗ್‌ಮನ್‌ಗಳು, ಘಟ್ಟ ಹತ್ತುವ ಗಾಡಿಯನ್ನು ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್ನಿನ ಲೋಕೋಪೈಲಟ್ ಮಾಡುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ನಾವು ಕಾದು ನಿಲ್ಲುವುದು ಆ ದಿನಗಳಿಗಾಗಿ.

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ. ಕರಾವಳಿಯ ಒಂದು ಸ್ಟೇಷನ್‌ನಲ್ಲಿ, ಹೆಸರು ಬೇಡ, ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಹಳದಿ ಗೆರೆಯಿಂದ ಎಷ್ಟೋ ಹಿಂದೆ ನಿಂತಿದ್ದೆ. ಸಮವಸ್ತ್ರದಲ್ಲಿದ್ದ ಒಬ್ಬರು ಬಂದು ಫೋಟೋ ಎಲ್ಲ ಅಳಿಸಿ ಎಂದರು. ಯಾವ ನಿಯಮ ಸರ್, ಎಲ್ಲಿ ಬರೆದಿದೆ ಅಂತ ಕೇಳಿದೆ. "ಮೇಲಿನವರ ಆರ್ಡರ್ ಮೇಡಂ" ಅಂದರು, ಅಷ್ಟೇ. ನೋಟ್‌ಬುಕ್ಕಿನಲ್ಲಿ ಇಂಜಿನ್ ನಂಬರ್ ನೋಡಿ ಅವರಿಗೆ ಇನ್ನೂ ಅನುಮಾನ ಬಂತು. ಇದೆಲ್ಲ ಯಾಕೆ ಬರೆದಿದ್ದೀರಿ, ಯಾರಿಗೆ ಕಳಿಸುತ್ತೀರಿ, ಮನೆಯಲ್ಲಿ ಗೊತ್ತಾ? ಅದೇ ಹೊತ್ತಿಗೆ ಪಕ್ಕದಲ್ಲೇ ಮದುವೆಗೆ ಹೊರಟ ಒಂದು ದಿಬ್ಬಣ ಅದೇ ಇಂಜಿನ್ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿತ್ತು. ಅವರಿಗೆ ಯಾರೂ ಏನೂ ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಕ್ಯಾಮೆರಾ ಸ್ವಲ್ಪ ದೊಡ್ಡದಿದ್ದು, ಹೆಂಗಸೊಬ್ಬಳೇ ನಿಂತಿದ್ದರೆ ಮಾತ್ರ ತಪ್ಪಾ? ಆ ದಿನ ನನಗಾದ ಅವಮಾನ ಇನ್ನೂ ಹೋಗಿಲ್ಲ.

ಭದ್ರತೆ ಬೇಡ ಅಂತ ನಾನು ಹೇಳುವುದಿಲ್ಲ. ಕಾರವಾರದಲ್ಲಿ ನೌಕಾನೆಲೆ ಇದೆ, ಅಲ್ಲಿ ಕ್ಯಾಮೆರಾ ಹೊರಗೆ ತೆಗೆಯಬಾರದು, ಅದು ಸರಿ. ಯುದ್ಧನೌಕೆ ನೋಡುವ ಆಸೆ ಇದ್ದವರಿಗೆ ಅದೇ ಊರಿನ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಮ್ಯೂಸಿಯಂ ಇದೆ. ಬಂದರಿನ ಗೇಟಿನ ಒಳಗೆ ಯಾರು ಬೇಕಾದರೂ ಹೋಗುವಂತಿಲ್ಲ, 2004ರಿಂದ ಜಗತ್ತಿನ ಎಲ್ಲ ಕಡೆಯ ಬಂದರುಗಳಿಗೂ ಆ ಕಟ್ಟುಪಾಡು ಇದೆ, ಅದೂ ಸರಿ. ಆದರೆ ಪಣಂಬೂರು ಬೀಚಿನಲ್ಲಿ ಐಸ್‌ಕ್ರೀಂ ತಿನ್ನುತ್ತಾ ನಿಂತ ಎಲ್ಲರಿಗೂ ಕಾಣುವ ಹಡಗಿನಲ್ಲಿ ಗುಟ್ಟು ಏನಿದೆ? ಯಾವ ಹಡಗು ಎಲ್ಲಿದೆ ಎನ್ನುವುದನ್ನು ಹಡಗೇ ರೇಡಿಯೋದಲ್ಲಿ ಸಾರುತ್ತಾ ಹೋಗುತ್ತದೆ. 300 ಟನ್ನಿಗಿಂತ ದೊಡ್ಡದಾಗಿ ದೇಶದೇಶಗಳ ನಡುವೆ ಓಡಾಡುವ ಹಡಗುಗಳಿಗೆ ಅದು ಕಡ್ಡಾಯ. ಮೊಬೈಲ್ ಆ್ಯಪ್‌ನಲ್ಲಿ ಮಗು ಕೂಡ ನೋಡಬಹುದು. ಪ್ರವಾಸಿ ಹಡಗು ಬಂದಾಗ ನಾವೇ ಚೆಂಡೆ ಬಡಿದು, ಯಕ್ಷಗಾನದ ವೇಷ ನಿಲ್ಲಿಸಿ ಸ್ವಾಗತ ಮಾಡಿ ಫೋಟೋವನ್ನು ಪೇಪರಿಗೆ ಕೊಡುತ್ತೇವೆ, ಅಲ್ವಾ?

ಅನುಮಾನ ಎಲ್ಲಿವರೆಗೆ ಹೋಗಬಹುದು ಅನ್ನುವುದಕ್ಕೆ ಗ್ರೀಸ್ ದೇಶದ ಒಂದು ಪ್ರಕರಣ ಇದೆ. 2001ರಲ್ಲಿ ಕಲಮಾಟಾ ಎಂಬಲ್ಲಿ ವಿಮಾನ ನೋಡಿ ನಂಬರ್ ಬರೆದುಕೊಳ್ಳುತ್ತಿದ್ದ 12 ಬ್ರಿಟಿಷರು, ಇಬ್ಬರು ಡಚ್ಚರನ್ನು ಗೂಢಚಾರರೆಂದು ಹಿಡಿದರು. ಅದು ವಾಯುಪಡೆಯ ನೆಲೆ, ಹಾಗಾಗಿ ಪ್ರಶ್ನೆ ಮಾಡಿದ್ದು ತಪ್ಪಲ್ಲ. ಆದರೆ ಶಿಕ್ಷೆಯನ್ನೂ ವಿಧಿಸಿ, ಕೊನೆಗೆ 2002ರಲ್ಲಿ ಮೇಲಿನ ಕೋರ್ಟಿನಲ್ಲಿ ಅವರೆಲ್ಲ ನಿರ್ದೋಷಿಗಳೆಂದು ಬಿಡಬೇಕಾಯಿತು. ನಂಬರ್ ಬರೆಯುವ ಹವ್ಯಾಸ ಎಂಬುದೊಂದು ಇದೆ ಅಂತ ಅಲ್ಲಿನವರಿಗೆ ನಂಬುವುದೇ ಕಷ್ಟವಾಗಿತ್ತು.

ಸಹಕಾರ ಸಿಕ್ಕಿದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ವಿನ್‌ಸ್ಟನ್ ಲಿಂಕ್ ಇದ್ದಾರೆ. ಜಾಹೀರಾತು, ಕಾರ್ಖಾನೆಗಳ ಫೋಟೋ ತೆಗೆದು ಜೀವನ ಮಾಡುತ್ತಿದ್ದವರು. 1955ರಿಂದ 1960ರವರೆಗೆ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಕೊನೇ ಹಬೆ ಇಂಜಿನ್‌ಗಳನ್ನು ಕೈಯಿಂದ ದುಡ್ಡು ಹಾಕಿ, ಸಾಲುಸಾಲು ಫ್ಲಾಶ್ ಬಲ್ಬ್ ಕಟ್ಟಿ ರಾತ್ರಿ ಹೊತ್ತು ತೆಗೆದರು. ರೈಲ್ವೆಯವರು ಒಳಗೆ ಬಿಟ್ಟರು, ಬೇಕಾದ ಸಹಾಯ ಮಾಡಿದರು. ಇವತ್ತು ವರ್ಜೀನಿಯಾದ ರೋನೋಕ್‌ನ ಹಳೇ ಸ್ಟೇಷನ್ ಕಟ್ಟಡದಲ್ಲಿ ಆ ಫೋಟೋಗಳಿಗೇ ಒಂದು ಮ್ಯೂಸಿಯಂ ಇದೆ.

ಹಡಗಿನ ವಿಷಯದಲ್ಲಿ ನನಗೆ ತುಂಬ ಇಷ್ಟವಾದದ್ದು ಜರ್ಮನಿಯದು. ಹ್ಯಾಂಬರ್ಗ್ ಬಂದರಿಗೆ ಹೋಗುವ ಎಲ್ಬೆ ನದಿಯ ದಡದಲ್ಲಿ, ವೇಡೆಲ್ ಎಂಬ ಊರಿನಲ್ಲಿ, 1952ರಿಂದ ಹಡಗುಗಳಿಗೆ ಸ್ವಾಗತ ಕೋರುವ ಒಂದು ಜಾಗ ಇದೆ. ದೊಡ್ಡ ಹಡಗು ಎದುರಿಗೆ ಬಂದಾಗ ಬಾವುಟದ ಮೂಲಕ ವಂದಿಸಿ, ಆ ಹಡಗಿನ ದೇಶದ ರಾಷ್ಟ್ರಗೀತೆ ಹಾಕುತ್ತಾರೆ. ಹಡಗಿನ ವಿವರವನ್ನು ಮೈಕಿನಲ್ಲಿ ಹೇಳುತ್ತಾರೆ. ಜನ ಅಲ್ಲೇ ಕೂತು ಊಟ ಮಾಡುತ್ತಾ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ.

ಪಣಂಬೂರಿನಲ್ಲೂ ಬಂದರಿನ ಕಾಂಪೌಂಡಿನ ಹೊರಗೆ, ಹಡಗು ಒಳಗೆ ಹೋಗುವುದು ಕಾಣುವ ಕಡೆ, ಕಟ್ಟೆಯಂಥ ಒಂದು ಎತ್ತರದ ಜಾಗ ಮಾಡಿಕೊಡಿ. ಒಂದು ಬೋರ್ಡಿನ ಮೇಲೆ ಆ ದಿನ ಬರುವ ಹಡಗಿನ ಹೆಸರು, ಯಾವ ದೇಶದ್ದು, ಏನು ತಂದಿದೆ ಅಂತ ಬರೆಯಿರಿ. ಶಾಲೆಯ ಮಕ್ಕಳನ್ನು ಕರೆತರಲು ನಾನೇ ಮೊದಲು ಬರುತ್ತೇನೆ. ರೈಲ್ವೆಯವರು ಪ್ರತಿ ಸ್ಟೇಷನ್‌ನಲ್ಲಿ, ಸ್ವಂತಕ್ಕೆ ಫೋಟೋ ತೆಗೆಯುವವರು ಎಲ್ಲಿ ನಿಲ್ಲಬಹುದು, ಏನು ಮಾಡಬಾರದು ಅಂತ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಾಕಲಿ. ಬ್ರಿಟನ್ನಿನ ನೆಟ್‌ವರ್ಕ್ ರೈಲ್ ಹಾಗೆ ಬರೆದು ಹಾಕಿದೆ: ಹಳದಿ ಗೆರೆಯ ಹಿಂದೆ ನಿಲ್ಲಿ, ಫ್ಲಾಶ್ ಬಳಸಬೇಡಿ, ಸಿಬ್ಬಂದಿಯ ಮಾತು ಕೇಳಿ. ಬರೆದ ನಿಯಮ ಇದ್ದರೆ ಅದನ್ನು ಮೀರಿದವರನ್ನು ಹಿಡಿಯಲು ಸಿಬ್ಬಂದಿಗೂ ಸುಲಭ.

ಹೊಸದಾಗಿ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರಿಗೂ ನಾಲ್ಕು ಮಾತು ಹೇಳಬೇಕು, ಯಾಕೆಂದರೆ ನಮ್ಮ ಹೆಸರು ಕೆಡುವುದು ಅಲ್ಲೇ. ಹಳಿ ಮೇಲೆ, ಸೇತುವೆ ಮೇಲೆ, ಸುರಂಗದ ಬಾಯಲ್ಲಿ ನಿಲ್ಲಲೇಬೇಡಿ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲು ಇದೆ. ಜೈಲಿನ ಮಾತು ಬಿಡಿ, ಎಲೆಕ್ಟ್ರಿಕ್ ರೈಲು ಡೀಸೆಲ್‌ನಷ್ಟು ಸದ್ದು ಮಾಡುವುದಿಲ್ಲ, ಬೆನ್ನ ಹಿಂದೆ ಬಂದರೂ ಗೊತ್ತಾಗುವುದಿಲ್ಲ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಮುಟ್ಟಬೇಕಂತಲೇ ಇಲ್ಲ, ಹತ್ತಿರ ಹೋದರೂ ಎಳೆದುಕೊಳ್ಳುತ್ತದೆ. ಓವರ್‌ಬ್ರಿಜ್ ಮೇಲಿಂದ ಸೆಲ್ಫಿ ಸ್ಟಿಕ್ ಕೆಳಗೆ ಚಾಚುವುದು, ನಿಂತ ಗೂಡ್ಸ್ ವ್ಯಾಗನ್ ಹತ್ತುವುದು ಪ್ರಾಣ ತೆಗೆಯುವ ಕೆಲಸ. ಬ್ರಿಟನ್ನಿನಲ್ಲಿ 2016ರಲ್ಲಿ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಇಂಜಿನ್ ರಿಪೇರಿಯಾಗಿ ಮತ್ತೆ ಓಡಿದ ದಿನ, ಫೋಟೋಗಾಗಿ ಜನ ಹಳಿಗೇ ಇಳಿದು ರೈಲನ್ನು ನಿಲ್ಲಿಸಬೇಕಾಯಿತು. ಅಂಥವರಿಂದ ಉಳಿದವರಿಗೆಲ್ಲ ಕೆಟ್ಟ ಹೆಸರು.

ಒಳ್ಳೆ ಫೋಟೋಗೆ ಅಪಾಯ ಬೇಕಾಗಿಲ್ಲ. ಘಟ್ಟ ಬೇಕಾದರೆ ಯಶವಂತಪುರ–ಮಂಗಳೂರು ಹಗಲು ರೈಲಿನಲ್ಲಿ ದೊಡ್ಡ ಗಾಜಿನ ಕಿಟಕಿಗಳ ವಿಸ್ಟಾಡೋಮ್ ಬೋಗಿ ಇದೆ, ದುಡ್ಡು ಜಾಸ್ತಿ ಅನ್ನಿಸಿದರೆ ಮಾಮೂಲಿ ಬೋಗಿಯ ಕಿಟಕಿ ಸಾಕು, ಬಾಗಿಲಲ್ಲಿ ನೇತಾಡಬೇಡಿ. ರೈಲು ತಿರುವಿನಲ್ಲಿ ಬಾಗಿದಾಗ ಇಂಜಿನ್ ತಾನಾಗಿ ಕಾಣುತ್ತದೆ. ಮಳೆ ನಿಂತ ಮೇಲೆ, ಅಕ್ಟೋಬರ್ ನಂತರ ಹೋಗಿ, ಹಸಿರು ಇರುತ್ತದೆ, ಮಂಜು ಕಡಿಮೆ. ನಮ್ಮ ಕರಾವಳಿಯಲ್ಲಿ ಹಡಗಿಗೆ ಬೆಳಗಿನ ಹೊತ್ತೇ ಒಳ್ಳೇದು. ಸೂರ್ಯ ನಿಮ್ಮ ಬೆನ್ನಿಗಿದ್ದು ಬೆಳಕು ಹಡಗಿನ ಮೈಮೇಲೆ ಬೀಳುತ್ತದೆ, ಹೆಸರು, ನಂಬರ್ ಓದಬಹುದು. ಸಂಜೆ ತೆಗೆದರೆ ಕಪ್ಪು ಆಕಾರ ಮಾತ್ರ ಸಿಗುತ್ತದೆ, ಚಂದವೇ, ಆದರೆ ಯಾವ ಹಡಗು ಅಂತ ತಿಳಿಯುವುದಿಲ್ಲ.

ಕೊನೆಗೆ ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಓದುಗರ ಮನೆಯ ಹಳೇ ಆಲ್ಬಮ್‌ಗಳಲ್ಲಿ ಹಾಸನ–ಮಂಗಳೂರು ಮೀಟರ್‌ಗೇಜ್ ರೈಲಿನದು, ಶಿವಮೊಗ್ಗ–ತಾಳಗುಪ್ಪ ರೈಲ್‌ಬಸ್ಸಿನದು, ಬಂದರ್‌ನ ಮಂಜಿಯದು, ಅದಿರು ಹಡಗಿನದು ಎಷ್ಟೋ ಫೋಟೋ ಇರಬಹುದು. ಹಿಂದೆ ಮುಂದೆ ನೆಂಟರು ನಿಂತಿದ್ದರೂ ಪರವಾಗಿಲ್ಲ. ಕಳಿಸಲು ಹೇಳಿ, ವಾರಕ್ಕೊಂದು ಹಾಕಿ, ಊರು ಮತ್ತು ವರ್ಷವನ್ನು ಕೆಳಗೆ ಅಚ್ಚು ಮಾಡಿ. ಈ ಪತ್ರದ ಜೊತೆ ಸುರತ್ಕಲ್‌ನಲ್ಲಿ ರೋ-ರೋ ರೈಲಿಗೆ ಲಾರಿ ಹತ್ತಿಸುವ ಒಂದು ಫೋಟೋ ಕಳಿಸಿದ್ದೇನೆ, ಡೀಸೆಲ್ ಇಂಜಿನ್ ಇದ್ದ ಕಾಲದ್ದು. ಇಂಜಿನ್ ನಂಬರ್, ತಾರೀಖು ಹಿಂದುಗಡೆ ಬರೆದಿದೆ. ಬಳಸಿಕೊಳ್ಳಿ, ಹಣ ಬೇಡ.

— ಓದುಗರೊಬ್ಬರು, ಸುರತ್ಕಲ್